ನಾಲ್ಕು ತಲೆಗೊಂದು ಗೀಟು

ನನ್ನ ಹೆಂಡತಿಯ ತಾಯಿಯನ್ನು ಕಂಡರೆ ನನಗಾಗುವುದಿಲ್ಲ. ಅವರಿಗೂ ನನ್ನನ್ನು ಕಂಡರೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಯಾಕೆಂದರೆ ನಾನು ಬರೆಯುತ್ತಿರುವುದು ಅವರ ಬಗ್ಗೆಯೇ, ಅದೂ ಅವರದೇ ಮನೆಯಲ್ಲಿ, ಅವರದೇ ಊಟದ ಮೇಜಿನ ಮೇಲೆ. ಅವರು ಒಳಗಿನ ಕೋಣೆಯಲ್ಲಿ ಕೂತು ಪೆನ್ಸಿಲ್ ಹೆರೆಯುತ್ತಿದ್ದಾರೆ. ನಾನು ಬರೆಯಲು ಕೂತಾಗಲೇ ಅವರಿಗೆ ಪೆನ್ಸಿಲ್ ಹೆರೆಯುವ ನೆನಪಾಗುತ್ತದೆ.

ಇಪ್ಪತ್ತೆರಡು ವರ್ಷ ಅತ್ತೆ ಮಾಡಿದ ಕೆಲಸ ವಾಹನ ಎಣಿಸುವುದು. ಊರಿನ ಸಂಚಾರ ಕಚೇರಿ ಹೇಳಿದ ಕೂಡುರಸ್ತೆಗೆ ಬೆಳಿಗ್ಗೆ ಏಳಕ್ಕೇ ಹೋಗಿ, ಮಡಿಸುವ ಸ್ಟೂಲು ಹಾಕಿಕೊಂಡು, ತೊಡೆಯ ಮೇಲೆ ಹಲಗೆಯಿಟ್ಟು, ದಾರದಲ್ಲಿ ಕಟ್ಟಿದ ಪೆನ್ಸಿಲಿನಿಂದ ಗೀಟು ಹಾಕುತ್ತಾ ಕೂರುವುದು. ಸೈಕಲ್ಲಿಗೊಂದು ಕಲಂ, ಕಾರಿಗೊಂದು, ಬಸ್ಸಿಗೊಂದು, ಲಾರಿಗೊಂದು. ನಾಲ್ಕು ಗೀಟು ನೆಟ್ಟಗೆ, ಐದನೆಯದು ಅಡ್ಡ. ಮಧ್ಯೆ ಎದ್ದು ಹೋಗಬೇಕಾದೀತೆಂದು ನೀರು ಕುಡಿಯುತ್ತಿರಲಿಲ್ಲ. ಯಾರಾದರೂ ದಾರಿ ಕೇಳಿದರೆ ತಲೆ ಎತ್ತುತ್ತಿರಲಿಲ್ಲ. ಕೇಳಿದವರು ಪಾಪ ಕಿವಿ ಕೇಳಿಸುವುದಿಲ್ಲವೇನೋ ಅಂದುಕೊಂಡು ಮುಂದೆ ಹೋಗುತ್ತಿದ್ದರು. ಮಿಕ್ಕ ಎಣಿಕೆಯವರು ಗಂಟೆಗೆ ಹತ್ತು ನಿಮಿಷ ನೋಡಿ, ಅದನ್ನು ಆರರಿಂದ ಗುಣಿಸಿ, ಚಹಾ ಅಂಗಡಿಯಲ್ಲಿ ಹರಟುತ್ತಿದ್ದರು. ಅತ್ತೆ ಅವರ ಮೇಲೆ ದೂರು ಬರೆದರು. ಒಂದಲ್ಲ, ಹನ್ನೊಂದು ಸಲ. ಹಾಗಾಗಿ ಕಚೇರಿಯಲ್ಲಿ ಅವರ ಪಕ್ಕ ಕೂತು ಊಟ ಮಾಡುವವರು ಒಬ್ಬರೂ ಇರಲಿಲ್ಲ. ಬೆನ್ನ ಹಿಂದೆ ಎಲ್ಲರಿಗೂ ಅವರು ಗೀಟಮ್ಮ. ಎದುರಿಗೆ ಹಾಗೆ ಕರೆಯುವ ಎದೆಗಾರಿಕೆ ಯಾರಿಗೂ ಇರಲಿಲ್ಲ, ನನಗೂ ಇಲ್ಲ.

ಮನೆಗೆ ಬಂದರೂ ಎಣಿಕೆ ನಿಲ್ಲುವುದಿಲ್ಲ. ನಾನು ಫ್ರಿಜ್ಜಿನ ಬಾಗಿಲು ಎಷ್ಟು ಸಲ ತೆಗೆದೆ, ಸ್ನಾನಕ್ಕೆ ಎಷ್ಟು ಚೊಂಬು ನೀರು ಸುರಿದುಕೊಂಡೆ, ಎಲ್ಲ ಅವರ ತಲೆಯಲ್ಲಿರುತ್ತದೆ. ಒಮ್ಮೆ ಊಟದ ಹೊತ್ತಿನಲ್ಲಿ ಮಗಳ ಕಡೆ ತಿರುಗಿ, "ಅಳಿಯಂದಿರು ಇವತ್ತು ಸಾಯಂಕಾಲದಿಂದ ಒಂಬತ್ತು ಸಲ ನಿಟ್ಟುಸಿರು ಬಿಟ್ರು. ಏನಂತೆ ಕೇಳು," ಅಂದರು. ಹತ್ತನೆಯದನ್ನು ನಾನು ಬಿಗಿಹಿಡಿದುಕೊಂಡೆ.

ನಾನು ಅದೇ ಕಚೇರಿಯ ನಾಲ್ಕನೇ ಮಹಡಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ನಾವು ಹನ್ನೆರಡು ಜನ ಕಂಪ್ಯೂಟರಿನೊಳಗೆ ಇನ್ನೊಂದು ಊರು ಕಟ್ಟುತ್ತೇವೆ. ನಿಜವಾದ ಊರಿನ ಕೂಡುರಸ್ತೆ ಅದರಲ್ಲಿ ಒಂದು ಚುಕ್ಕೆ, ರಸ್ತೆ ಒಂದು ಗೆರೆ. ಬೀದಿಯಿಂದ ಬಂದ ಎಣಿಕೆಯನ್ನು ಆ ಗೆರೆಗಳಿಗೆ ತುಂಬಿ ಓಡಿಸಿದರೆ, ಎಲ್ಲಿ ಇಕ್ಕಟ್ಟಾಗುತ್ತದೋ ಅಲ್ಲಿ ಗೆರೆ ಕೆಂಪಗಾಗುತ್ತದೆ. ಇಲ್ಲಿ ಸಿಗ್ನಲ್ ಇಟ್ಟರೆ ಏನಾದೀತು, ಅಲ್ಲೊಂದು ತಿರುವು ಮುಚ್ಚಿದರೆ ಏನಾದೀತು ಎಂಬುದನ್ನು ನಿಜವಾದ ಬೀದಿಯ ಒಂದು ಕಲ್ಲನ್ನೂ ಅಲುಗಿಸದೆ ನೋಡಬಹುದು. ಅದಕ್ಕೆ ನಾವು ಮಾಡೆಲ್ ಅನ್ನುತ್ತೇವೆ. ಅತ್ತೆ ಅದಕ್ಕೆ "ಅಳಿಯಂದಿರ ಆಟದ ಸಾಮಾನು" ಅನ್ನುತ್ತಾರೆ.

ನಾನು ಕೆಲಸಕ್ಕೆ ಸೇರಿದಾಗ ಎಣಿಕೆಯ ಫಾರಂನಲ್ಲಿ ಆರು ಕಲಂ ಇದ್ದವು, ಕೆಲವೇ ವರ್ಷಗಳಲ್ಲಿ ಹತ್ತೊಂಬತ್ತಾದವು. ಊಟ ತಲುಪಿಸುವ ಸ್ಕೂಟರು, ಗಂಟೆ ಲೆಕ್ಕದ ಬಾಡಿಗೆ ಸೈಕಲ್ಲು, ಅರ್ಧ ವ್ಯಾನು ಅರ್ಧ ಬಸ್ಸು ಆಗಿರುವ ಯಾವುದೋ ಗಾಡಿ, ಹೀಗೆ ಊರು ದಿನಕ್ಕೊಂದು ಚಕ್ರ ಹುಟ್ಟಿಸುತ್ತದೆ, ನಾವು ಹಿಂದೆ ಹಿಂದೆ ಕಲಂ ಹಾಕುತ್ತಾ ಓಡುತ್ತೇವೆ. ಮೊದಲೆಲ್ಲ ಒಂದು ರಸ್ತೆ ಕೆಟ್ಟರೆ ಅದೊಂದೇ ಕೆಡುತ್ತಿತ್ತು. ಈಗ ಆಸ್ಪತ್ರೆಯ ಹತ್ತಿರ ಒಂದು ತಿರುವು ಮುಚ್ಚಿದರೆ ಮೂರು ಕಿಲೋಮೀಟರು ಆಚೆ ಮಾರುಕಟ್ಟೆಯ ಹಿಂದೆ ಬಸ್ಸುಗಳು ಸಾಲುಗಟ್ಟುತ್ತವೆ. ಯಾಕೆ ಅಂತ ಕಂಡುಹಿಡಿಯಲು ನಮಗೆ ವಾರ ಹಿಡಿಯುತ್ತದೆ. ಅಷ್ಟರಲ್ಲಿ ಊರು ಬೇರೆಯೇ ಆಗಿರುತ್ತದೆ. ನಮಗೆ ಅರ್ಥವಾಗಿದೆ ಎಂದು ಎದೆ ತಟ್ಟಿ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಹಾಗೆ ಹೇಳಿ ಹೇಳಿಯೇ ನಾನು ಈ ಕೆಲಸದಲ್ಲಿ ಮೇಲೆ ಬಂದದ್ದು ಅನ್ನುವುದೂ ನಿಜ.

ಹೀಗೆ ಕಲಂ ಹೆಚ್ಚುತ್ತಾ ಹೋದಾಗ ಹಾಳೆಯಲ್ಲಿ ಜಾಗ ಸಾಲದೆ ಒಂದನ್ನು ತೆಗೆದರು. ತೆಗೆದದ್ದು ನಡೆದು ದಾಟುವವರ ಕಲಂ. ನಮ್ಮ ಗೆರೆಗಳ ಮೇಲೆ ಚಕ್ರ ಮಾತ್ರ ಓಡುತ್ತಿತ್ತು, ಕಾಲಿಗೆ ಅಲ್ಲಿ ಕೆಲಸವಿರಲಿಲ್ಲ. "ನಡೆಯೋರು ಹೇಗೋ ದಾಟ್ಕೋತಾರೆ, ಬಿಡ್ರಿ," ಅಂದರು ನಮ್ಮ ಮುಖ್ಯಸ್ಥರು. ಸಭೆಯಲ್ಲಿದ್ದವರೆಲ್ಲ ತಲೆಯಾಡಿಸಿದೆವು.

ನಾನು ಅತ್ತೆಯ ಮನೆ ಸೇರಿದ ಕಥೆಯೂ ಮಾಡೆಲಿನದ್ದೇ. ನಾನೂ ನನ್ನ ಹೆಂಡತಿಯೂ ಬಾಡಿಗೆಗಿದ್ದ ಮನೆಯ ಮುಂದಿನ ರಸ್ತೆ ಕೆಂಪಗಾಯಿತು. ಅಗಲ ಮಾಡಬೇಕೆಂಬ ವರದಿ ಬರೆದವನು ನಾನೇ. ನಮ್ಮ ಅಡುಗೆಮನೆ ರಸ್ತೆಗೆ ಹೋಯಿತು. "ತಾವೇ ಗೆರೆ ಎಳೆದು ತಮ್ಮ ಮನೆ ಕೆಡವಿಸಿಕೊಂಡ್ರು, ಎಂಥ ಜಾಣರು," ಎಂದು ಅತ್ತೆ ಮೆಟ್ಟಿಲ ಮೇಲೆ ನಿಂತು ಅಕ್ಕಪಕ್ಕದವರಿಗೆ ಕೇಳಿಸುವಂತೆ ಹೇಳಿದರು. ಆಮೇಲೆ ಒಳಗೆ ಕರೆದರು. ಎರಡು ಕೋಣೆಯ ಮನೆ. ಮನೆಯಳಿಯನಾದೆ.

ಮೊದಲ ತಿಂಗಳೇ ನಾನು ಅದಕ್ಕೆ ಸೇಡು ತೀರಿಸಿಕೊಂಡೆ. ಊಟಕ್ಕೆ ಕೂತಾಗ, ಇನ್ನು ಎರಡೇ ವರ್ಷ, ಆಮೇಲೆ ಎಲ್ಲ ಕಡೆ ಕ್ಯಾಮೆರಾ ಬರುತ್ತೆ, ಕೈಯಲ್ಲಿ ಎಣಿಸೋರ ಅಗತ್ಯವೇ ಇರಲ್ಲ ಅಂದೆ. ಬೇಕೆಂದೇ ಅಂದೆ. ಅತ್ತೆ ತಟ್ಟೆ ಪಕ್ಕಕ್ಕಿಟ್ಟು ಎದ್ದು ಕೈ ತೊಳೆದರು. ಅಂದಿನಿಂದ ಎರಡು ವರ್ಷ ಹನ್ನೊಂದು ತಿಂಗಳು ನನ್ನೊಂದಿಗೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಉಪ್ಪು ಬೇಕಾದರೂ ಮಗಳ ಮೂಲಕ. ನಾನೇನು ಕಮ್ಮಿಯವನೇ? ನಾನೂ ಬಾಯಿಗೆ ಬೀಗ ಹಾಕಿಕೊಂಡೆ. ನಮ್ಮಿಬ್ಬರ ನಡುವೆ ಸಿಕ್ಕಿ ನನ್ನ ಹೆಂಡತಿ, "ನನಗೇನು ನಿಮ್ಮಿಬ್ಬರ ಅಂಚೆ ಕೆಲಸವಾ?" ಎಂದು ರೇಗುತ್ತಿದ್ದಳು. ರೇಗುತ್ತಲೇ ಅಂಚೆ ತಲುಪಿಸುತ್ತಿದ್ದಳು.

ಅವಳದು ಹೊಲಿಗೆ ಅಂಗಡಿ. ನಮ್ಮ ಗಲ್ಲಿ ಹೋಗಿ ದೊಡ್ಡ ರಸ್ತೆಗೆ ಸೇರುತ್ತದೆ. ರಸ್ತೆಯ ಆಚೆ ಬದಿಗೆ, ಸರಿಯಾಗಿ ಎದುರಿಗೆ, ಅವಳ ಅಂಗಡಿ. ರಸ್ತೆಯ ಮಧ್ಯದ ಡಿವೈಡರ್‌ನಲ್ಲಿ ಅಲ್ಲೊಂದು ಕಂಡಿ ಇತ್ತು, ಮೂರು ಜನ ಪಕ್ಕಪಕ್ಕ ನಡೆಯುವಷ್ಟು. ಅವಳ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಈಚೆ ಬದಿಯವರು, ಆ ಕಂಡಿಯಿಂದಲೇ ಬರುತ್ತಿದ್ದರು. ಅತ್ತೆಯೂ ಮಂಡಿ ನೋವಿನ ಕಾಲೆಳೆಯುತ್ತಾ ಸಾಯಂಕಾಲ ಅದೇ ದಾರಿಯಲ್ಲಿ ಹೋಗಿ ಗುಂಡಿ ಹೊಲಿದುಕೊಡುತ್ತಿದ್ದರು. ಆ ಕಂಡಿ ಇದ್ದರೆ ಅಂಗಡಿ ಉಂಟು, ಇಲ್ಲದಿದ್ದರೆ ಇಲ್ಲ, ಅಷ್ಟು ಸರಳ.

ಒಂದು ದಿನ ನನ್ನ ಪರದೆಯ ಮೇಲೆ ಆ ಜಾಗ ಕೆಂಪಗಾಯಿತು. ಬರೀ ಕೆಂಪಲ್ಲ, ಊರಿನಲ್ಲೇ ಅತಿ ಕೆಂಪು. ಅಲ್ಲಿನ ಎಣಿಕೆ ಅತ್ತೆಯದು. ಹಾಳೆ ತೆಗೆದು ನೋಡಿದೆ. "ಇತರೆ" ಅನ್ನುವ ಹತ್ತೊಂಬತ್ತನೇ ಕಲಂನಲ್ಲಿ ಬೆಳಿಗ್ಗೆ ಎಂಟರಿಂದ ಒಂಬತ್ತರವರೆಗೆ ಇನ್ನೂರ ತೊಂಬತ್ತು. ನಮ್ಮ ಲೆಕ್ಕದಲ್ಲಿ ಇತರೆ ಅಂದರೆ ತಳ್ಳುಗಾಡಿ. ನಿಧಾನ ಹೋಗುತ್ತದೆ, ಹಿಂದಿನವರನ್ನೆಲ್ಲ ತಡೆಯುತ್ತದೆ ಎಂದು ಮಾಡೆಲಿನಲ್ಲಿ ಒಂದು ತಳ್ಳುಗಾಡಿಗೆ ಆರು ಕಾರಿನ ತೂಕ ಕೊಟ್ಟಿದ್ದೆವು. ಒಂದು ಗಂಟೆಗೆ ಇನ್ನೂರ ತೊಂಬತ್ತು ತಳ್ಳುಗಾಡಿ! ನಾನು ದಿನಾ ಅಡ್ಡಾಡುವ ರಸ್ತೆ ಅದು. ಎರಡೋ ಮೂರೋ ತಳ್ಳುಗಾಡಿ ಕಂಡಿರಬಹುದು. ಸಂಶಯ ಬಂತು. ಕೇಳಬೇಕು ಅನ್ನಿಸಿತು. ಅವತ್ತು ರಾತ್ರಿ ಅತ್ತೆ ನನ್ನೆದುರು ಒಂದು ಮೊಳ ದೂರದಲ್ಲಿ ಕೂತು ಊಟ ಮಾಡಿದರು. ನಾನು ಕೇಳಲಿಲ್ಲ. ನಾನ್ಯಾಕೆ ಮೊದಲು ಮಾತಾಡಲಿ ಅಂದುಕೊಂಡೆ. ಮರುದಿನ ಅಂಕಿಯನ್ನು ಹಾಗೇ ಉಳಿಸಿ, ಪರಿಹಾರ ಹುಡುಕಲು ಮಾಡೆಲ್ ಓಡಿಸಿದೆ.

ಮಾಡೆಲ್ ಹೇಳಿದ ಪರಿಹಾರ ಒಂದೇ: ತಳ್ಳುಗಾಡಿಗಳು ನುಗ್ಗುವ ಕಂಡಿ ಮುಚ್ಚಿ. ಒಂದು ತಿಂಗಳೊಳಗೆ ಡಿವೈಡರ್ ಉದ್ದಕ್ಕೂ ಎದೆಯೆತ್ತರದ ಕಬ್ಬಿಣದ ಬೇಲಿ ಬಂತು. ದಾಟಬೇಕೆಂದರೆ ಅರ್ಧ ಕಿಲೋಮೀಟರು ನಡೆದು, ಅರವತ್ತೆರಡು ಮೆಟ್ಟಿಲಿನ ಮೇಲ್ಸೇತುವೆ ಹತ್ತಿ ಇಳಿದು, ಮತ್ತೆ ಅರ್ಧ ಕಿಲೋಮೀಟರು ವಾಪಸ್ಸು ಬರಬೇಕು. ಯಾರು ಹೋಗುತ್ತಾರೆ? ಜನ ಬೇಲಿ ಹತ್ತಿದರು. ಎರಡೇ ವಾರದಲ್ಲಿ ಯಾರೋ ಎರಡು ಸರಳು ಬಗ್ಗಿಸಿದರು, ಹತ್ತಲಾರದವರು ಅಲ್ಲಿ ನುಸುಳಿದರು. ಅತ್ತೆಗೆ ಹತ್ತಲೂ ಆಗಲಿಲ್ಲ, ನುಸುಳಲೂ ಆಗಲಿಲ್ಲ. ಕಿಟಕಿಯಲ್ಲಿ ನಿಂತು ಎದುರಿನ ಅಂಗಡಿಯನ್ನು ನೋಡುತ್ತಿದ್ದರು. "ಇದು ಯಾವ ಪುಣ್ಯಾತ್ಮರ ತಲೆಗೆ ಹೊಳೀತು ಅಂತ ಕೇಳು," ಎಂದು ಮಗಳಿಗೆ ಹೇಳಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಜಾಗ ಖಾಲಿ ಮಾಡಿದೆ.

ನನ್ನ ಹೆಂಡತಿ ಬಟ್ಟೆಯ ಗಂಟು ಎತ್ತಿಕೊಂಡು ಆ ಬಗ್ಗಿದ ಸರಳುಗಳ ನಡುವೆ ನುಸುಳುತ್ತಿದ್ದಳು. ಒಂದು ಮಧ್ಯಾಹ್ನ ಗಂಟು ಸರಳಿಗೆ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳಲು ಹಿಂದಕ್ಕೆ ಜಗ್ಗಿದವಳ ಬಲಗೈಗೆ ಬಸ್ಸಿನ ಬದಿ ಬಡಿಯಿತು. ಮೊಣಕೈ ಮೂಳೆ ಮುರಿಯಿತು. ಕತ್ತರಿ ಹಿಡಿಯುವ ಕೈ. ವೈದ್ಯರು ಎರಡು ತಿಂಗಳು ಅಲ್ಲಾಡಿಸಕೂಡದು ಅಂದರು, ಆಮೇಲೂ ಮೊದಲಿನ ಹಾಗೆ ಮಡಚುತ್ತದೆಂಬ ಭರವಸೆ ಕೊಡಲಿಲ್ಲ.

ಆಸ್ಪತ್ರೆಯಿಂದ ಬಂದ ಸಾಯಂಕಾಲ ನಾನು ಬೇಲಿಯ ಕಡತವನ್ನು ಮನೆಗೆ ತಂದು ಮೇಜಿನ ಮೇಲೆ ಬಿಚ್ಚಿದೆ. ಯಾಕೆ ತಂದೆನೋ. ತಪ್ಪು ನನ್ನದಲ್ಲ ಎಂದು ನನಗೇ ತೋರಿಸಿಕೊಳ್ಳಬೇಕಿತ್ತೇನೋ. ಅತ್ತೆ ಹಿಂದಿನಿಂದ ಬಂದು ಬಗ್ಗಿದರು. ಅವರ ಬೆರಳು "ತಳ್ಳುಗಾಡಿ 290" ಅನ್ನುವ ಸಾಲಿನ ಮೇಲೆ ನಿಂತಿತು.

"ಯಾವ ತಳ್ಳುಗಾಡಿ?" ಅಂದರು. ನನಗೇ ಅಂದರು.

"ನೀವೇ ಎಣಿಸಿದ್ದಲ್ವಾ. ಇತರೆ."

"ಅದು ತಳ್ಳುಗಾಡಿ ಅಲ್ಲ. ಅದು ಜನ."

ಆಗ ಗೊತ್ತಾಯಿತು. ನಡೆಯುವವರ ಕಲಂ ತೆಗೆದ ದಿನದಿಂದ ಅವರು ನಡೆಯುವವರನ್ನು ಇತರೆಯಲ್ಲಿ ಹಾಕುತ್ತಿದ್ದರು. ಕಣ್ಣೆದುರಿಗೆ ದಾಟಿದವರನ್ನು ದಾಟಿಲ್ಲ ಅಂತ ಹೇಗೆ ಬಿಡುವುದು? ಹಾಗಂತ ಒಬ್ಬೊಬ್ಬರಿಗೂ ಒಂದೊಂದು ಗೀಟು ಹಾಕಿದರೆ ಪುಟ್ಟ ಕಲಂ ತುಂಬಿ ಹೋಗುತ್ತದೆ. ಒಂದು ತಳ್ಳುಗಾಡಿ ಹಿಡಿಯುವ ಜಾಗದಲ್ಲಿ ನಾಲ್ಕು ಜನ ನಿಲ್ಲುತ್ತಾರೆ ಎಂದು ಅವರೇ ಅಂದಾಜು ಮಾಡಿ, ನಾಲ್ಕು ತಲೆಗೊಂದು ಗೀಟು ಎಂದು ನಿಯಮ ಮಾಡಿಕೊಂಡಿದ್ದರು. ಗಂಟೆಯ ಕೊನೆಗೆ ಮೂರೇ ತಲೆ ಉಳಿದರೆ ಮುಂದಿನ ಗಂಟೆಗೆ ಸೇರಿಸುತ್ತಿದ್ದರು. ಅಷ್ಟು ಕರಾರುವಾಕ್ಕು. ಆ ನಿಯಮ ಅವರೊಬ್ಬರ ತಲೆಯಲ್ಲಿ ಮಾತ್ರ ಇತ್ತು. ನಡೆದು ದಾಟಿದ ನಾಲ್ಕು ಜನ ನಮ್ಮ ಮಾಡೆಲಿನಲ್ಲಿ ಆರು ಕಾರಾಗಿ ಊರಿಗೆ ಅಡ್ಡ ನಿಂತಿದ್ದರು.

"ಒಂದು ಮಾತು ಕೇಳಬಾರದಿತ್ತಾ?" ಅತ್ತೆಯ ಧ್ವನಿ ಏರಿತು.

"ಯಾರನ್ನ ಕೇಳಲಿ? ನೀವು ಮಾತಾಡ್ತಿದ್ರಾ?"

"ಇವಳ ಹತ್ತಿರ ಕೇಳಿಸಬಹುದಿತ್ತಲ್ಲ. ಉಪ್ಪು ಕೇಳಿಸೋಕಾಗುತ್ತೆ, ಇದಾಗಲ್ವಾ?"

"ನೀವೂ ಒಂದು ಸಾಲು ಬರೀಬಹುದಿತ್ತು ಹಾಳೆ ಮೇಲೆ. ಹನ್ನೊಂದು ದೂರು ಬರೆಯೋಕೆ ಬರುತ್ತೆ."

"ಇಬ್ಬರೂ ಸುಮ್ಮನಿರ್ತೀರಾ?" ನನ್ನ ಹೆಂಡತಿ ಹಾಸಿಗೆಯಿಂದಲೇ ಕಿರುಚಿದಳು. "ಮೂರು ವರ್ಷ ಮಾತಾಡ್ರಿ ಮಾತಾಡ್ರಿ ಅಂತ ಬೇಡಿಕೊಂಡೆ. ಈಗ ಕೈ ಮುರಿದ ಮೇಲೆ ಬಾಯಿ ಬಂತಾ ನಿಮಗೆ?"

ಮರುದಿನ ಅತ್ತೆ ಒಗೆದ ಸೀರೆಯುಟ್ಟು ನಾಲ್ಕನೇ ಮಹಡಿಗೆ ಬಂದರು. ಮುಖ್ಯಸ್ಥರ ಎದುರು ನಿಂತು, ಇತರೆ ಕಲಂನಲ್ಲಿ ತಾವು ಬರೆದದ್ದು ಸುಳ್ಳು, ಅಲ್ಲಿ ತಳ್ಳುಗಾಡಿ ಇಲ್ಲ, ಬೇಲಿ ತೆಗೆಯಿರಿ ಅಂದರು. ಹನ್ನೊಂದು ಸಲ ಬೇರೆಯವರ ಸುಳ್ಳೆಣಿಕೆ ಹಿಡಿದುಕೊಟ್ಟ ಹೆಂಗಸು. ಆ ಮಾತು ಹೇಳುವಾಗ ಅವರ ಕುತ್ತಿಗೆಯ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು. ಮುಖ್ಯಸ್ಥರು ಕೆಟ್ಟವರಲ್ಲ. ಕೂರಿಸಿ ನೀರು ಕೊಟ್ಟರು. ಆಮೇಲೆ ನಿಯಮದ ಪ್ರಕಾರ ಏನು ಮಾಡಬೇಕೋ ಅದನ್ನು ಮಾಡಿದರು. ಒಂದು ಕಲಂ ಸುಳ್ಳಾದರೆ ಎಣಿಸಿದವರ ಹಾಳೆಗಳೆಲ್ಲ ನಂಬಲರ್ಹವಲ್ಲ. ಇಪ್ಪತ್ತೆರಡು ವರ್ಷದ ಎಣಿಕೆಯನ್ನು ಮಾಡೆಲಿನಿಂದ ತೆಗೆದುಹಾಕಿದರು. ಎಣಿಕೆಯವರ ಪಟ್ಟಿಯಿಂದ ಅವರ ಹೆಸರನ್ನೂ ಹೊಡೆದುಹಾಕಿದರು. ತೆಗೆಯುವ ಗುಂಡಿ ಒತ್ತಿದವನು ನಾನು. ನಾನೊಂದು ಮಾತಾಡಬಹುದಿತ್ತು, ಅನುಮಾನ ಬಂದರೂ ಬಾಯಿ ಮುಚ್ಚಿಕೊಂಡಿದ್ದೆ ಅನ್ನಬಹುದಿತ್ತು. ನನ್ನ ಕೆಲಸ ಹೋಗುತ್ತಿತ್ತು. ಗೋಡೆ ನೋಡುತ್ತಾ ನಿಂತೆ.

ಆಮೇಲೆ ಮಾಡೆಲ್ ಮತ್ತೆ ಓಡಿಸಿದೆವು. ನಮ್ಮ ಗಲ್ಲಿಯ ಮುಂದಿನ ಗೆರೆ ಹಸಿರಾಗಿ ಹೊಳೆಯಿತು. ತಳ್ಳುಗಾಡಿ ಇಲ್ಲ, ಜನವೂ ಇಲ್ಲ. ಆ ಜಾಗದಲ್ಲಿ ದಾಟುವವರೇ ಇಲ್ಲದ ಮೇಲೆ ಕಂಡಿ ಯಾಕೆ? ಬೇಲಿ ಇರಲಿ ಎಂದು ಕಡತ ಮುಚ್ಚಿದರು. ಅತ್ತೆ ತಮ್ಮ ಮಾನ ಕಳೆದುಕೊಂಡು ಸಂಪಾದಿಸಿದ್ದು ಇಷ್ಟು.

ಅವರು ಅಳಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಸ್ಟೂಲು, ಹಲಗೆ, ಛತ್ರಿ ಎತ್ತಿಕೊಂಡು ಹೋಗಿ ಬಗ್ಗಿದ ಸರಳುಗಳ ಎದುರು, ರಸ್ತೆಯ ಈಚೆ ಅಂಚಿಗೆ ಕೂತರು. ಯಾರೂ ಕೂರಲು ಹೇಳಿರಲಿಲ್ಲ. ಈ ಸಲ ಹಾಳೆಗೆ ಒಂದೇ ಕಲಂ, ತಲೆಗೊಂದು ಗೀಟು. ಒಂಬತ್ತಕ್ಕೆ ಎದ್ದು ಬಂದು ಹಾಳೆಯನ್ನು ನನ್ನ ತಟ್ಟೆಯ ಪಕ್ಕ ಇಟ್ಟರು. ನಾನು ಮುಟ್ಟಲಿಲ್ಲ. ಮರುದಿನವೂ ಇಟ್ಟರು. ಹತ್ತು ದಿನದಲ್ಲಿ ಹತ್ತು ಹಾಳೆ ಸೇರಿತು. ಮಾತು ಮಾತ್ರ ಮತ್ತೆ ನಿಂತುಹೋಗಿತ್ತು. ಅಂಗಡಿಯ ಬಾಗಿಲು ಮುಚ್ಚಿತ್ತು. ನನ್ನ ಹೆಂಡತಿ ಎಡಗೈಯಲ್ಲಿ ದಾರ ಪೋಣಿಸುವುದನ್ನು ಅಭ್ಯಾಸ ಮಾಡುತ್ತಿದ್ದಳು, ದಾರ ಪ್ರತಿ ಸಲ ತಪ್ಪುತ್ತಿತ್ತು. ಆ ಹಾಳೆಗಳನ್ನು ನೋಡಿದರೆ ನನಗೆ ಸಿಟ್ಟು ಬರುತ್ತಿತ್ತು.

ಅಷ್ಟರಲ್ಲಿ ಕಚೇರಿಯಲ್ಲಿ ಬೇರೆ ತಲೆನೋವು ಶುರುವಾಯಿತು. ಪರದೆಯ ಮೇಲೆ ಹಸಿರಾಗಿರುವ ಆ ರಸ್ತೆಯಲ್ಲಿ ಬಸ್ಸುಗಳು ದಿನಾ ಹದಿನೈದು ನಿಮಿಷ ತಡವಾಗುತ್ತಿದ್ದವು. ಬೇಲಿ ಹಾರಿ ಇಳಿಯುವವರನ್ನು ಕಂಡು ಚಾಲಕರು ಬ್ರೇಕು ಹಾಕುತ್ತಿದ್ದರು. ಹಿಂದಿನ ಮೂರು ಕೂಡುರಸ್ತೆ ಕಟ್ಟಿಕೊಳ್ಳುತ್ತಿದ್ದವು. ಮಾಡೆಲಿಗೆ ಇದಾವುದೂ ಕಾಣುತ್ತಿರಲಿಲ್ಲ. ಮುಖ್ಯಸ್ಥರು ನನ್ನನ್ನು ಕರೆದರು.

"ಅಲ್ಲೇನ್ರೀ ಅಡ್ಡ ಬರ್ತಿರೋದು?"

"ಜನ, ಸರ್. ಕಾಲಲ್ಲಿ ನಡೆಯೋ ಜನ. ಅವರಿಗೆ ಮಾಡೆಲಿನಲ್ಲಿ ಜಾಗ ಕೊಡಬೇಕು."

"ಎಣಿಕೆ ಇದೆಯಾ?"

"ಇದೆ."

"ಯಾರು ಎಣಿಸಿದ್ದು?"

ಅತ್ತೆಯ ಹೆಸರು ಹೇಳಿದರೆ ಹಾಳೆ ಕಸದ ಬುಟ್ಟಿಗೆ ಹೋಗುತ್ತದೆ. "ನಾನೇ ಸರ್," ಅಂದೆ.

ಸಾಯಂಕಾಲ ಮೇಜಿನ ಮುಂದೆ ಕೂತು ಅತ್ತೆಯ ಹಾಳೆಗಳನ್ನು ಕಚೇರಿಯ ಫಾರಂಗೆ ಶಾಯಿಯಲ್ಲಿ ಇಳಿಸಿದೆ. ಯಾಕೆ ಎಂಬುದನ್ನು ಹೆಂಡತಿಗೆ ಹೇಳಿದೆ, ಒಳಗಿನ ಕೋಣೆಗೆ ಕೇಳಿಸುವಂತೆ. ಅತ್ತೆ ಬಂದು ನನ್ನ ಹೆಗಲ ಹಿಂದೆ ನಿಂತರು. ಕೊನೆಯ ದಿನದ ಎಂಟರಿಂದ ಒಂಬತ್ತರ ಮೊತ್ತ ಎಂಟುನೂರ ಎಪ್ಪತ್ತೆರಡು ಎಂದು ಬರೆದೆ.

"ಒಂದು ಜಾಸ್ತಿ ಇದೆ," ಅಂದರು.

"ಎಣಿಸೋರು ತಮ್ಮನ್ನ ಲೆಕ್ಕಕ್ಕೆ ಹಿಡಿಯಲ್ಲ. ನೀವೂ ಆಚೆ ಹೋಗಬೇಕಾದೋರೇ ಅಲ್ವಾ. ಅದು ನೀವು."

ಅವರ ಮನಸ್ಸು ಕರಗಿತೆಂದು ನಾನು ಒಂದು ಗಳಿಗೆ ಅಂದುಕೊಂಡೆ, ಎಂಥ ಪೆದ್ದ. ಅವರು ಬಗ್ಗಿ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡರು.

"ನಾನು ಅವತ್ತು ದಾಟಿಲ್ಲ. ಕೂತಿದ್ದೆ." ಎಪ್ಪತ್ತೆರಡನ್ನು ಹೊಡೆದು ಎಪ್ಪತ್ತೊಂದು ಬರೆದರು. ಆಮೇಲೆ ಎಣಿಸಿದವರ ಹೆಸರು ಅನ್ನುವ ಖಾಲಿ ಜಾಗವನ್ನು ಪೆನ್ನಿನ ತುದಿಯಲ್ಲಿ ತೋರಿಸಿ, "ಇಲ್ಲಿ ನಿಮ್ಮ ಹೆಸರು ಹಾಕಿಕೊಳ್ಳಿ. ಸುಳ್ಳು ಅದೊಂದೇ ಇರಲಿ," ಅಂದು ಪೆನ್ನು ಮೇಜಿನ ಮೇಲೆ ಎಸೆದು ಹೋದರು. ಇವತ್ತಿನವರೆಗೂ ಅದೇ ನನ್ನೊಂದಿಗೆ ಅವರಾಡಿದ ಕೊನೆಯ ಮಾತು.

ಫಾರಂಗೆ ಇಪ್ಪತ್ತನೇ ಕಲಂ ಬಂತು. ಮಾಡೆಲಿನ ಗೆರೆಗಳ ಮೇಲೆ ಮೊದಲ ಸಲ ಕಾಲುಗಳು ನಡೆದವು; ಊರಿನ ಅರ್ಧ ನಕ್ಷೆ ಬಣ್ಣ ಬದಲಿಸಿತು. ಎಲ್ಲರೆದುರು ಮುಖ್ಯಸ್ಥರು ನನ್ನ ಬೆನ್ನು ತಟ್ಟಿದರು. ಹತ್ತು ದಿನ ಬಿಸಿಲಲ್ಲಿ ಕೂತು ಎಣಿಸಿದ ಶ್ರದ್ಧೆ ಎಂದು ಹೊಗಳಿದರು. ನಾನು ತಲೆ ತಗ್ಗಿಸಿದೆ, ಅವರು ಅದನ್ನು ವಿನಯ ಅಂದುಕೊಂಡರು. ನಾಲ್ಕನೇ ತಿಂಗಳಿಗೆ ನಮ್ಮ ಗಲ್ಲಿಯೆದುರಿನ ಬೇಲಿ ಕತ್ತರಿಸಿ ಕಂಡಿ ಬಿಟ್ಟರು, ದಾಟುವವರಿಗೊಂದು ಸಿಗ್ನಲನ್ನೂ ಇಟ್ಟರು. ನನ್ನ ಹೆಂಡತಿ ಅಂಗಡಿಯ ಬಾಗಿಲು ತೆಗೆದಳು. ಅವಳ ಮೊಣಕೈ ಪೂರ್ತಿ ಮಡಚುವುದಿಲ್ಲ. ದೊಡ್ಡ ಬಟ್ಟೆ ಕತ್ತರಿಸಲು ಇನ್ನೊಬ್ಬರನ್ನು ಇಟ್ಟುಕೊಂಡಿದ್ದಾಳೆ.

ಕಂಡಿ ತೆರೆದ ದಿನವೂ ಅತ್ತೆ ಎಂಟಕ್ಕೆ ಹೋಗಿ ಕೂತರು. ಹೆಸರು ಪಟ್ಟಿಯಲ್ಲಿಲ್ಲ, ಯಾರೂ ಕೇಳಿಲ್ಲ, ಆದರೂ ಹೋಗುತ್ತಾರೆ. ಒಂಬತ್ತೂಕಾಲಕ್ಕೆ ಬಂದು ಹಾಳೆಯನ್ನು ಎಂದಿನಂತೆ ನನ್ನ ತಟ್ಟೆಯ ಪಕ್ಕ ಇಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ಐದೈದರ ಕಟ್ಟುಗಳನ್ನು ಕೂಡಿ ನೋಡಿದೆ, ಸಾವಿರದ ನೂರ ಐದು ಆಗಿತ್ತು. ಹಾಳೆಯ ಕೆಳತುದಿಯಲ್ಲಿ, ಮಿಕ್ಕೆಲ್ಲದರಿಂದ ದೂರವಾಗಿ, ಇನ್ನೊಂದು ಒಂಟಿ ಗೀಟು ಇತ್ತು. ಅವತ್ತು ಅವರು ದಾಟಿದ್ದರು. ನಾನು ಅದನ್ನೂ ಸೇರಿಸಿ ಸಾವಿರದ ನೂರ ಆರು ಎಂದು ಬರೆದು, ಎಣಿಸಿದವರ ಜಾಗದಲ್ಲಿ ನನ್ನ ಹೆಸರು ಹಾಕಿದೆ.